ಯುಕೆ: ಚೈಲ್ಡ್ ಪ್ರೊಟೆಕ್ಷನ್ ಮೀಟಿಂಗ್ ಇದೆ, ಪೇರೆಂಟ್ ಅಡ್ವೊಕೇಟ್ ಅಂದ್ರೆ ಲಾಯರ್ರಾ?

ಮಲ್ನಾಡ್‌ಹುಡ್ಗಿ: ಇಂಗ್ಲೆಂಡಿಗೆ ಬಂದು ಎರಡು ವರ್ಷ. ಮಗನ ತೋಳ ಮೇಲೆ ಬಾಸುಂಡೆ ನೋಡಿ ಸ್ಕೂಲಿನವರು ಕೌನ್ಸಿಲ್‌ಗೆ (ಇಲ್ಲಿನ ನಗರಸಭೆ ಥರ, ಮಕ್ಕಳ ರಕ್ಷಣೆನೂ ಅವರೇ ನೋಡೋದು) ಹೇಳಿದಾರೆ, ನಮ್ಮ ಯಜಮಾನ್ರು ಹೊಡೆದಿದ್ದು ನಿಜಾನೇ, ಸುಳ್ಳು ಹೇಳಲ್ಲ, ಆದ್ರೆ ಈಗ ಮುಂದಿನ ವಾರ ಕಾನ್ಫರೆನ್ಸ್ ಅಂತೆ, ನಿದ್ದೆ ಇಲ್ಲ. ಅಡ್ವೊಕೇಟ್ ಕರ್ಕೊಂಡು ಬನ್ನಿ ಅಂತಾರೆ, ಯಾರನ್ನ?

ಪಕ್ಕದ್ಮನೆ_ಅಣ್ಣ: ಲಾಯರ್ ಅಲ್ಲಮ್ಮ. ಇದೇ ಬೆಂಕೀಲಿ ಬೆಂದು ಬಂದ ಅಪ್ಪ ಅಮ್ಮಂದಿರೇ ಟ್ರೈನಿಂಗ್ ತಗೊಂಡು ಪಕ್ಕದಲ್ಲಿ ಕೂರ್ತಾರೆ. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಇದೆ, ಎಲ್ಲಾ ಕೌನ್ಸಿಲಲ್ಲೂ ಇಲ್ಲ, ಕೇಳಿ ನೋಡಿ. ಇಲ್ದಿದ್ರೆ ಫ್ಯಾಮಿಲಿ ರೈಟ್ಸ್ ಗ್ರೂಪ್ ಅನ್ನೋ ಚಾರಿಟಿಯ ಅಡ್ವೈಸ್ ಲೈನ್ ಇದೆ, ಫ್ರೀ. ನಮ್ಮ ಕೇಸಲ್ಲಿ ಜೊತೆಗೆ ಬಂದಾಕೆ ಮಾತಾಡಿದ್ದು ಕಮ್ಮಿ, ನಾನು ಕೂಗಾಡೋಕೆ ಶುರು ಮಾಡ್ದಾಗ ಮೆಲ್ಲಗೆ ಐದು ನಿಮಿಷ ಬ್ರೇಕ್ ಕೇಳಿದ್ರು, ಅದೇ ನನ್ನ ಉಳಿಸಿದ್ದು.

ಕೋರ್ಟ್‌ಕಟ್ಟೆ: ಎರಡು ಮಾತು. ಸೆಕ್ಷನ್ 20 ಅಂತ ಪೇಪರ್ ಕೊಟ್ರೆ, ಅದಕ್ಕೆ ಸೈನ್ ಹಾಕೋದು ಅಂದ್ರೆ ಮಗೂನ ಕೌನ್ಸಿಲ್ ಆರೈಕೆಗೆ ನೀವೇ ಒಪ್ಪಿ ಕಳಿಸಿದ ಹಾಗೆ, ಸಾಲಿಸಿಟರ್ (ಲಾಯರ್) ನೋಡೋ ತನಕ ಸೈನ್ ಬೇಡ. ಪ್ರೀ-ಪ್ರೊಸೀಡಿಂಗ್ಸ್ ಲೆಟರ್, ಅಂದ್ರೆ ಕೋರ್ಟಿಗೆ ಹೋಗೋ ಮುಂಚೆ ಕೌನ್ಸಿಲ್ ಕಳಿಸೋ ಎಚ್ಚರಿಕೆ ಪತ್ರ ಬಂದ್ರೆ, ಸಂಬಳ ಎಷ್ಟಿದ್ರೂ ಅಪ್ಪ ಅಮ್ಮಂಗೆ ಲೀಗಲ್ ಏಡ್ (ಸರ್ಕಾರದ ಖರ್ಚಲ್ಲಿ ಲಾಯರ್) ಸಿಗುತ್ತೆ. ಮತ್ತೆ "ನಮ್ಮೂರಲ್ಲಿ ಎಲ್ರೂ ಹೊಡೀತಾರೆ" ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ, ಸ್ಕಾಟ್ಲೆಂಡಲ್ಲಿ 2020, ವೇಲ್ಸಲ್ಲಿ 2022ರಿಂದ ಹೊಡೆಯೋದೇ ಬ್ಯಾನ್, ಇಂಗ್ಲೆಂಡಲ್ಲೂ ಬಾಸುಂಡೆ ಬಿದ್ಮೇಲೆ ಆ ವಾದ ನಡೆಯೋದು ಕಷ್ಟ.

ಮಲ್ನಾಡ್‌ಹುಡ್ಗಿ: ಥ್ಯಾಂಕ್ಸ್ ಅಣ್ಣ. ನಮ್ಮತ್ತೆನೂ ಇಲ್ಲೇ ಇದಾರೆ, ಇಂಗ್ಲಿಷ್ ಬರಲ್ಲ, ಕನ್ನಡ ಇಂಟರ್‌ಪ್ರಿಟರ್ ಕೇಳಬಹುದಾ?

ಪಕ್ಕದ್ಮನೆ_ಅಣ್ಣ: ಇವತ್ತೇ ಕೇಳಿ, ಬರೆದು ಕೇಳಿ. ನಮಗೆ ಮೊದಲ್ನೇ ಸಲ ಹಿಂದಿಯವರನ್ನ ಕಳಿಸಿದ್ರು 😑