ಗುಲ್ಮಾರ್ಗ್‌ನಲ್ಲಿ ಸ್ಕೀ ವಲಯದ ಗಡಿಯಾಚೆ ಸ್ಕೀ: ಬೀಕನ್ ಇದ್ರೆ ಸಾಕಾ?

ಚಾರಣಿಗ_ಬೆಂಗಳೂರು:
ಫೆಬ್ರವರಿಯಲ್ಲಿ ನಾಲ್ಕು ಜನ ಹೊರಟಿದ್ದೀವಿ. ಗಂಡೋಲಾ (ಕೇಬಲ್ ಕಾರ್) ಎರಡನೇ ಹಂತ ಹತ್ತಿ, ಅಫರ್ವತ್ ಬೆಟ್ಟದ ಮೇಲಿಂದ ಸ್ಕೀ ವಲಯದ ಗಡಿಯಾಚೆ ಇಳಿಯೋ ಯೋಚನೆ. ಗೈಡ್ ಇರ್ತಾರೆ. ಬೀಕನ್ (ಮೈಮೇಲೆ ಕಟ್ಟಿಕೊಳ್ಳೋ ರೇಡಿಯೋ ಸಂಕೇತದ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕೋ ಉದ್ದ ಕೋಲು), ಸಲಿಕೆ ಬಾಡಿಗೆಗೆ ತಗೊಳ್ತೀವಿ. ಸಾಕಾ? ಇಳಿಜಾರು ಅಪಾಯದ್ದು ಅಂತ ಕಣ್ಣಲ್ಲೇ ಗೊತ್ತಾಗುತ್ತಾ?

ಕಾಂಟೂರ್_ಕಾಕಾ:
ಬೀಕನ್ ಇರೋದು ಹೂತವರನ್ನ ಹುಡುಕೋಕೆ, ಹೂಳದ ಹಾಗೆ ತಡೆಯೋಕಲ್ಲ. ಮೊದಲು ಇಳಿಜಾರಿನ ಕೋನ ನೋಡಿ. ಹಾಸಿಗೆ ಹಾಸಿಗೆಯಾಗಿ ಜಾರೋ ಹಿಮಕುಸಿತ ಹೆಚ್ಚಿನಂಶ 30ರಿಂದ 45 ಡಿಗ್ರಿ ಒಳಗೆ. ಕರ್ಮಕ್ಕೆ ಸ್ಕೀ ಮಜಾ ಬರೋದೂ ಅಲ್ಲೇ.

ಕಣ್ಣು ನಂಬಬೇಡಿ. ಸ್ಕೀ ಕೋಲನ್ನ ಇಳಿಜಾರಿನ ನೇರಕ್ಕೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಕ್ಲಿನೋಮೀಟರ್ (ಕೋನ ಅಳೆಯೋ ಆ್ಯಪ್) ಓದಿ. ನಕ್ಷೆ 1:50,000 ಆಗಿದ್ದು ಕಾಂಟೂರ್ (ಒಂದೇ ಎತ್ತರದ ಜಾಗ ಸೇರಿಸೋ ಗೆರೆ) 20 ಮೀಟರಿಗೊಂದು ಇದ್ರೆ, ಒಂದು ದಪ್ಪ ಗೆರೆಯಿಂದ ಮುಂದಿನ ದಪ್ಪ ಗೆರೆಗೆ 100 ಮೀ. ಎತ್ತರ. ಆ ಅಂತರ 3.5 ಮಿ.ಮೀ.ಗಿಂತ ಕಡಿಮೆ ಬಂದ್ರೆ 30 ಡಿಗ್ರಿ ದಾಟಿತು ಅಂತ. ನೀವು ನಿಂತಿರೋದು 20 ಡಿಗ್ರಿ ಆದ್ರೂ ತಲೆ ಮೇಲೆ 38 ಇದ್ರೆ, ಲೆಕ್ಕಕ್ಕೆ ಬರೋದು ಮೇಲಿನದೇ.

ಮಂಜುಗಾಲ:
ರಾತ್ರಿ ಹಿಮ ಬಿದ್ದು ಬೆಳಿಗ್ಗೆ ಬಿಸಿಲು ಬಂದ್ರೆ ಎಲ್ರೂ ಓಡ್ತಾರೆ. ಕೆಟ್ಟ ಹೊತ್ತು ಆ ಮೊದಲ 24–48 ಗಂಟೆಯೇ. ಹಿಮ ಬೀಳದಿದ್ರೂ ಗಾಳಿ ಬೆಟ್ಟದ ಏಣಿನ ಒಂದು ಮಗ್ಗುಲಿಂದ ಹಿಮ ಹೊತ್ತು ಮರೆಯ ಮಗ್ಗುಲಲ್ಲಿ ಪೇರಿಸುತ್ತೆ, ಅಲ್ಲಿಗೆ ಹೋಗಬೇಡಿ.

ತಳವನ್ನೂ ನೋಡಿ. ಚಳಿಗಾಲದ ಶುರುವಿನ ತೆಳು ಹಿಮ, ಮೇಲೆ ಕೊರೆಯೋ ಚಳಿ, ಕೆಳಗೆ ನೆಲದ ಬಿಸಿ: ಆ ಪದರ ಹರಳುಗಟ್ಟುತ್ತೆ. ಗುಂಡಿ ತೋಡಿ ತಳದ ಹಿಮ ಮುಷ್ಟಿಯಲ್ಲಿ ಹಿಡೀರಿ. ಉಂಡೆ ಕಟ್ಟದೆ ಉಪ್ಪಿಟ್ಟಿನ ರವೆ ಥರ ಉದುರಿದ್ರೆ ಮೇಲಿನ ಹಾಸಿಗೆಗೆ ಆಧಾರ ಇಲ್ಲ. ನಡೆಯುವಾಗ ಕಾಲಡಿ ‘ಧುಪ್’ ಅಂತ ಕುಸಿದ ಸದ್ದು ಬಂದ್ರೆ, ಸ್ಕೀ ತುದಿಯಿಂದ ಬಿರುಕು ಓಡಿದ್ರೆ ಗುಂಡಿಯೂ ಬೇಡ, ಗೈಡ್ ಏನೇ ಹೇಳ್ಲಿ, ವಾಪಸ್ ಬನ್ನಿ.

ಡಿಜಿಆರ್‌ಇ (ಹಿಮಕುಸಿತ ಮುನ್ಸೂಚನೆ ಕೊಡೋ ರಕ್ಷಣಾ ಸಂಶೋಧನಾ ಸಂಸ್ಥೆ) ಮುನ್ನೆಚ್ಚರಿಕೆ ಓದಿ. ಆದ್ರೆ ಅದು ಇಡೀ ಜಿಲ್ಲೆಗೆ ಕೊಟ್ಟಿದ್ದು, ನಿಮ್ಮ ಇಳಿಜಾರಿಗಲ್ಲ.

ಪ್ರೋಬ್_240:
ಬಾಡಿಗೆ ಸಾಮಾನಿನ ವಿಷಯ. ಬೀಕನ್ ಮೂರು ಆಂಟೆನಾದ್ದೇ ಕೇಳಿ, ಪ್ರೋಬ್ 240 ಸೆಂ.ಮೀ.ಗೆ ಕಮ್ಮಿ ಬೇಡ, ಸಲಿಕೆ ಲೋಹದ್ದು. ಗಟ್ಟಿಯಾದ ಹಿಮಕ್ಕೆ ಪ್ಲಾಸ್ಟಿಕ್ ಮುರಿಯುತ್ತೆ. ಫೋನು ಬೀಕನ್ನಿಂದ 20 ಸೆಂ.ಮೀ. ದೂರ ಇರ್ಲಿ, ಹುಡುಕುವಾಗ 50.

ಹುಡುಕುವಾಗ ಕೊನೆಯ ಮೂರು ಮೀಟರಿನಲ್ಲಿ ಬೀಕನ್ನನ್ನ ಹಿಮಕ್ಕೆ ತಾಗಿಸಿ, ತಿರುಗಿಸದೆ ನಿಧಾನ ಸರಿಸಿ. ಅಂಕಿ ಅತಿ ಕಡಿಮೆ ತೋರಿಸಿದ ಕಡೆಯಿಂದ 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ ಪ್ರೋಬ್ ಚುಚ್ಚುತ್ತಾ ಹೋಗಿ. ತಗುಲಿತೋ, ಪ್ರೋಬ್ ಕೀಳಬೇಡಿ. ಹೆಚ್ಚಿನವರು ಅಲ್ಲೇ ನೇರ ಕೆಳಗೆ ಅಗೆದು ಹೂತವರ ತಲೆ ಮೇಲೇ ನಿಲ್ತಾರೆ. ಆಳ 1 ಮೀ. ಇದ್ರೆ ಇಳಿಜಾರಿನ ಕೆಳಗೆ 1.5 ಮೀ. ಸರಿದು, ಅಲ್ಲಿಂದ ಅಡ್ಡಕ್ಕೆ ಅಗೆಯಿರಿ. ಸಮಯ 10–15 ನಿಮಿಷ ಅಷ್ಟೇ, ಆಮೇಲೆ ಉಸಿರುಗಟ್ಟಿ ಬದುಕೋ ಸಾಧ್ಯತೆ ದಢಾರನೆ ಇಳಿಯುತ್ತೆ.

ಚಾರಣಿಗ_ಬೆಂಗಳೂರು:
ಸಿಯಾಚಿನ್‌ನಲ್ಲಿ ನಮ್ಮ ಯೋಧ ಹನುಮಂತಪ್ಪ ಕೊಪ್ಪದ ಹಿಮದಡಿ ಹೂತು ಆರು ದಿನ ಬದುಕಿದ್ರಲ್ಲ?

ಪ್ರೋಬ್_240:
2016ರದ್ದು ತೀರಾ ಅಪರೂಪ. ಅವರಿದ್ದದ್ದು ಡೇರೆಯೊಳಗೆ, ಅಲ್ಲಿ ಗಾಳಿಗೆ ಜಾಗ ಉಳಿದಿತ್ತು. ಅವರೂ ಫೆಬ್ರವರಿ 11ಕ್ಕೆ ತೀರಿಕೊಂಡ್ರು. ಬಯಲಲ್ಲಿ ಹೂತವರ ಮೂಗಿನ ಮುಂದೆ ಬಿಸಿಯುಸಿರಿಗೇ ಹಿಮ ಕರಗಿ ಮತ್ತೆ ಗಾಜಿನ ಹಾಗೆ ಹೆಪ್ಪುಗಟ್ಟಿ ಗಾಳಿ ತಡೆಯುತ್ತೆ. ಇಳಿಯುವಾಗ ಒಬ್ಬೊಬ್ಬರೇ ಇಳೀರಿ, ಉಳಿದವರು ಹಿಮ ಜಾರಿ ಬರದ ಜಾಗದಲ್ಲಿ ನಿಂತು ಅವರ ಮೇಲೆ ಕಣ್ಣಿಟ್ಟಿರಲಿ.