ಮರು: ಉದ್ದದ ಫ್ರೆಂಚ್ ಪದವನ್ನು ಒಡೆದು ಓದುವುದು ಹೇಗೆ? (ನಾಳೆಗೇ ಬೇಕು)

anticonstitutionnellement (ಸಂವಿಧಾನಕ್ಕೆ ವಿರುದ್ಧವಾಗಿ) ಅನ್ನುವ ಫ್ರೆಂಚ್ ಪದವನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಅಂತ ಕೇಳಿದ್ದೀರಿ, ನಟರು ನಾಳೆ ಇದನ್ನು ರಂಗದ ಮೇಲೆ ಹೇಳಬೇಕು ಅಂದಿದ್ದೀರಿ. ಹೀಗೆ ಬರೆದುಕೊಡಿ: ಆಂ-ತಿ-ಕೋಂಸ್-ತಿ-ತ್ಯು-ಸ್ಯೊ-ನೆಲ್-ಮಾಂ. ಒತ್ತು ಕೊನೆಯ ತುಂಡಿನ ಮೇಲೆ.

ನಿನ್ನೆ ಇಲ್ಲಿ ಬಂದ ‘ಆಂಟಿಕಾನ್‌ಸ್ಟಿಟ್ಯೂಷನಲ್‌ಮೆಂಟ್’ ದಯವಿಟ್ಟು ಬೇಡ. ಅದು ಇಂಗ್ಲಿಷ್ ಓದು. ಫ್ರೆಂಚಿನವರ ತ ನಮ್ಮ ತ ಹಾಗೇ ಹಲ್ಲಿಗೆ ತಾಗುತ್ತದೆ, ಟ ಯಾಕೆ ಬೇಕು? ‘ತ್ಯು’ ಮಾತ್ರ ಸರಿಹೊಂದುವುದಿಲ್ಲ. ತುಟಿ ಉ ಹೇಳುವಂತೆ ದುಂಡಗಿಟ್ಟು ‘ತಿ’ ಅನ್ನಲು ಹೇಳಿ.

ಸೊನ್ನೆ ಇರುವ ಕಡೆ ನ್, ಮ್ ಕೇಳಿಸಲೇಬಾರದು. ‘ಮಾಂ’ ಅಂದು ಮುಗಿಸುವಾಗ ತುಟಿ ಮುಚ್ಚಿತೋ, ಕೆಟ್ಟಿತು. ಹಾಗಂತ ‘ಸ್ಯೊ’ಗೂ ಸೊನ್ನೆ ಹಾಕಬೇಡಿ. ‘ಕೋಂ’ನಲ್ಲಿ ನಕಾರದ ಮುಂದೆ ವ್ಯಂಜನ ಇದೆ, ಅದಕ್ಕೇ ಸ್ವರ ಮೂಗಿಗೆ ಹೋಗುತ್ತದೆ. ಇಲ್ಲಿ ನಕಾರ ಮುಂದಿನ ಸ್ವರದ ಜೊತೆ ಸೇರಿ ‘ನೆಲ್’ ಆಗಿಬಿಡುತ್ತದೆ, ಹಿಂದಿನ ಸ್ವರ ಬಾಯಲ್ಲೇ ಉಳಿಯುತ್ತದೆ. ಬೋಂ (ಒಳ್ಳೆಯವನು), ಬೊನ್ (ಒಳ್ಳೆಯವಳು) ಇವುಗಳ ವ್ಯತ್ಯಾಸವೂ ಇದೇ. ಎಲ್ಲಿ ಒಡೆಯಬೇಕು ಅಂತ ಗೊತ್ತಿಲ್ಲದೆ ಉಚ್ಚಾರಣೆ ಬರುವುದೇ ಇಲ್ಲ.

25 ಅಕ್ಷರದ ಈ ಪದವನ್ನು ಕಾಗದದ ಮೇಲೆ ಒಡೆದರೆ 9 ತುಂಡು, ಬಾಯಲ್ಲಿ 8. ‘ನೆಲ್’ ಆದಮೇಲೆ ಬರೆಯುವ ‘ಲ’ದ ಸ್ವರ ಮಾತಿನಲ್ಲಿ ಬಿದ್ದುಹೋಗುತ್ತದೆ. ‘ಮಾಂ’ಗೂ ಸಂಸ್ಕೃತದಿಂದ ಬಂದ ನಮ್ಮ ‘ಮನಸ್ಸು’ ಪದಕ್ಕೂ ನೆಂಟಸ್ತಿಕೆ ಇದೆ ಅಂತ ಒಬ್ಬರು ಬರೆದರು, ಅದು ನಿಜ. ‘ಮಾಂ’ ಬಂದದ್ದು ಲ್ಯಾಟಿನ್ನಿನ ‘ಮೆಂತೆ’ ಪದದಿಂದ, ಹಾಗಂದರೆ ‘ಮನಸ್ಸಿನಿಂದ’. ಆ ಪದ ಸ್ತ್ರೀಲಿಂಗ, ಹಾಗಾಗಿ ಅದರ ಹಿಂದಿನ ವಿಶೇಷಣವೂ ಸ್ತ್ರೀಲಿಂಗದಲ್ಲಿ ನಿಲ್ಲುತ್ತದೆ. ಆ ‘ಲ’ ಬಂದದ್ದು ಅಲ್ಲಿಂದಲೇ. ಆದರೆ ಈ ನೆಂಟಸ್ತಿಕೆ ಹಿಡಿದು ಫ್ರೆಂಚನ್ನು ಸಂಸ್ಕೃತದ ಮಗಳು ಮಾಡುವುದೆಲ್ಲ ಸುಮ್ನೆ ಮಾತು. ಅವು ಒಂದೇ ಬುಡದ ಬೇರೆ ಬೇರೆ ಕೊಂಬೆ, ಅಷ್ಟೇ.

‘ಕನ್ನಡದವರು ಇಂಗ್ಲಿಷಿನ ಮೂಲಕವೇ ಫ್ರೆಂಚ್ ಪದ ತಂದದ್ದು, ಹಾಗೇ ಬರೆಯೋಣ’ ಅನ್ನುವವರಿಗೆ: ರೆಸ್ಟೋರೆಂಟ್ ಬಾಯಿಗೆ ಹತ್ತಿದೆ, ಇರಲಿ, ಅದನ್ನು ತಿದ್ದುವ ಶುದ್ಧೀಕರಣವೂ ನನಗೆ ಬೇಡ. ಆದರೆ ಬರಹದಲ್ಲಿ ಕೊನೆಗೆ t ಇದ್ದರೂ ಬೊಕೆ, ಬಫೆ ಅನ್ನುವಾಗ ಯಾರೂ ಟ್ ಹಚ್ಚಲಿಲ್ಲ, ಯಾರಿಗೂ ಕಷ್ಟವೂ ಆಗಲಿಲ್ಲ, ಅಲ್ವಾ? ಇವತ್ತು ಹೊಸದಾಗಿ ಬರೆಯುವಾಗ ನೇರ ದಾರಿ ಇದ್ದೂ ಲಂಡನ್ನಿನ ಮೇಲಿಂದ ಸುತ್ತಿಕೊಂಡು ಬರುವುದು ಯಾಕೆ?

ಒಂದು ವಿಷಯ ಕೂಡಲೇ ತಿಳಿಸಿ. ಈ ಪದ ಬರುವ ಸಾಲು ಹಳೆಯ ಫ್ರೆಂಚ್ ಛಂದಸ್ಸಿನ ಪದ್ಯವೋ, ಗದ್ಯವೋ? ಪದ್ಯವಾದರೆ ಬಿದ್ದುಹೋದ ‘ಲ’ವನ್ನೂ ಎಣಿಸಿ, ‘ನೆ-ಲ-ಮಾಂ’ ಅಂತಲೇ ಹೇಳಿಸಬೇಕು.