ಮಧ್ಯಯುಗದ ಯೋಧರ ರಿಎನಾಕ್ಟ್‌ಮೆಂಟ್, ಕೊಡಗಲ್ಲಿ ಕೂತ್ಕೊಂಡು ಶುರು ಮಾಡೋದು ಹೇಗೆ?

ಗೋಣಿಕೊಪ್ಪ_ನೈಟ್

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ, ನಗ್ಬೇಡಿ. ಇಂಗ್ಲೆಂಡಲ್ಲಿ ಅಕ್ಟೋಬರ್‌ನಲ್ಲಿ ಹೇಸ್ಟಿಂಗ್ಸ್ ಯುದ್ಧ (1066) ಮತ್ತೆ ಆಡಿ ತೋರಿಸ್ತಾರಲ್ಲ, ಬ್ಯಾಟಲ್ ಅನ್ನೋ ಊರಲ್ಲಿ, ಚೈನ್‌ಮೇಲ್ (ಕಬ್ಬಿಣದ ಉಂಗುರ ಹೆಣೆದ ಅಂಗಿ) ಹಾಕ್ಕೊಂಡು ಗುರಾಣಿ ಒತ್ತಿಕೊಂಡು ಸಾಲಾಗಿ ನಿಂತ್ಕೊಳ್ಳೋದು, ಆಮೇಲೆ ಪೋಲೆಂಡಲ್ಲಿ ಗ್ರುನ್‌ವಾಲ್ಡ್ (1410) ಯುದ್ಧ ಜುಲೈನಲ್ಲಿ, ಇದನ್ನೆಲ್ಲ ಯೂಟ್ಯೂಬಲ್ಲಿ ನೋಡಿ ನೋಡಿ ನಂಗೂ ಹುಚ್ಚು ಹಿಡಿದಿದೆ. ಕಾಫಿ ಕೊಯ್ಲಿನ ಟೈಮಲ್ಲಿ ಪುರುಸೊತ್ತಿಲ್ಲ, ಆದ್ರೆ ಮಳೆಗಾಲ ಪೂರ್ತಿ ಮನೇಲೇ ಇರ್ತೀನಿ, ಆವಾಗ ಶುರು ಮಾಡ್ಬೋದಾ ಅಂತ. ಮೊದ್ಲು ಒಂದು ಒಳ್ಳೆ ಕತ್ತಿ ತರಿಸೋಣ ಅಂತಿದೀನಿ, ನಮ್ಮನೇಲಿ ಆಯುಧ ಹೊಸದೇನಲ್ಲ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒಡಿಕತ್ತಿ ಇಟ್ಟು ಪೂಜೆ ಮಾಡೋ ಮನೆ. ಎಷ್ಟು ಖರ್ಚಾಗತ್ತೆ, ನಮ್ಮ ಮಳೇಲಿ ಕಬ್ಬಿಣ ಉಳಿಯತ್ತಾ, ಒಬ್ನೇ ಮಾಡಕ್ಕಾಗತ್ತಾ? ಗೊತ್ತಿರೋರು ಹೇಳಿ.

ಸೂಜಿದಾರ

ಕತ್ತಿ ಕಡೇಗೆ ತಗೊಳ್ಳಿ ತಮ್ಮಾ. ಎಲ್ರೂ ಅಲ್ಲಿಂದ್ಲೇ ಶುರು ಮಾಡ್ತಾರೆ, ಆಮೇಲೆ ಜೀನ್ಸ್ ಪ್ಯಾಂಟ್ ಮೇಲೆ ಕತ್ತಿ ಹಿಡ್ಕೊಂಡು ಒಂದು ಫೋಟೋ ತೆಗೆಸಿಕೊಂಡು ಮೂಲೇಲಿ ಇಡ್ತಾರೆ.

ಮೊದ್ಲು ತೀರ್ಮಾನ ಆಗ್ಬೇಕಾದ್ದು ಯಾವ ವರ್ಷ, ಯಾವ ಊರು, ಅಲ್ಲಿ ನೀವು ಯಾರು ಅಂತ. "ಮಧ್ಯಯುಗ" ಅಂದ್ರೆ ಸಾವಿರ ವರ್ಷ ಆಗತ್ತೆ, 1066ರ ಅಂಗಿಗೂ 1410ರ ಅಂಗಿಗೂ ಸಂಬಂಧಾನೇ ಇಲ್ಲ. 1066 ಹಿಡಿದ್ರೆ ನಿಮ್ಗೆ ಸುಲಭ, ಮೈತುಂಬ ಉಕ್ಕಿನ ತಗಡು ಆಗಿನ್ನೂ ಬಂದಿಲ್ಲ. ಮೊಣಕಾಲಿನವರೆಗಿನ ಅಂಗಿ, ಕಾಲಿಗೆ ಸುತ್ತೋ ಉಣ್ಣೆ ಪಟ್ಟಿ, ಹೆಗಲಿಗೆ ಒಂದು ಚೌಕದ ಹೊದಿಕೆ, ಸೊಂಟಕ್ಕೆ ಬೆಲ್ಟು, ಅಷ್ಟೇ. ಆ ಯುದ್ಧಾನ ಬಟ್ಟೆ ಮೇಲೆ ಕಸೂತಿ ಹಾಕಿರೋ ಬಾಯೂ ಟ್ಯಾಪೆಸ್ಟ್ರಿ ಇಂಟರ್ನೆಟ್ಟಲ್ಲಿ ಪೂರ್ತಿ ಸಿಗತ್ತೆ, ಸುಮಾರು 70 ಮೀಟರ್ ಉದ್ದ, ಅದೇ ನಿಮ್ಮ ಪಠ್ಯಪುಸ್ತಕ, ಮೂಗಿನ ಪಟ್ಟಿ ಇರೋ ಹೆಲ್ಮೆಟ್ಟು, ಉದ್ದ ಗುರಾಣಿ, ಅಂಗಿ ಎಲ್ಲಿವರೆಗೆ ಬರ್ಬೇಕು, ಎಲ್ಲ ಅದ್ರಲ್ಲಿದೆ. ಬಟ್ಟೆ ಲಿನನ್ ಅಥವಾ ಉಣ್ಣೆ. ಲಿನನ್ ದುಬಾರಿ, ಕಲಿಯಕ್ಕೆ ದಪ್ಪ ಖಾದಿ ಸಾಕು, ಯಾರೂ ಬಂದು ದಾರ ಎಳೆದು ನೋಡಲ್ಲ. ಹೊದಿಕೆಗೆ ನಮ್ಮ ಕುರುಬರ ಕರಿ ಕಂಬಳಿ ಬಿಟ್ಟು ಬೇರೇನೂ ಹುಡುಕ್ಬೇಡಿ. ಮಿಷನ್ ಹೊಲಿಗೆ ಒಳಗಡೆ ಇರ್ಲಿ, ಕಾಣೋ ಕಡೆ ಕೈಹೊಲಿಗೆ.

ಇನ್ನೊಂದು, ಎಲ್ರೂ ಯೋಧನೇ ಆಗ್ಬೇಕಂತಿಲ್ಲ. ಕಾಳುಮೆಣಸು ಬೆಳೆಯೋ ಊರಲ್ಲಿದ್ದೀರಿ. ಬೀಡ್ ಅನ್ನೋ ಇಂಗ್ಲೆಂಡಿನ ಸನ್ಯಾಸಿ 735ರಲ್ಲಿ ಸಾಯೋ ಮುಂಚೆ ತನ್ನ ಪೆಟ್ಟಿಗೇಲಿದ್ದ ಬೆಲೆಬಾಳೋದನ್ನ ಹಂಚಿಕೊಟ್ನಂತೆ, ಅದ್ರಲ್ಲಿ ಮೆಣಸೂ ಇತ್ತು. ಮೆಣಸಿನ ವ್ಯಾಪಾರಿ ಪಾತ್ರ ಮಾಡಿ, ಸಾಮಾನು ತೋಟದಲ್ಲೇ ಇದೆ. ಊಟಕ್ಕೆ ಮಾತ್ರ ಹುಷಾರು, ಮೆಣಸಿನಕಾಯಿ ಟೊಮೆಟೊ ಆಲೂಗಡ್ಡೆ ಮೂರೂ 1492ರ ಮೇಲೆ ಅಮೆರಿಕದಿಂದ ಯುರೋಪಿಗೆ ಬಂದಿದ್ದು. ಕಾಫಿನೂ ಇಲ್ಲ, ಅದು ಅಲ್ಲಿಗೆ ಬಂದಿದ್ದು 17ನೇ ಶತಮಾನದಲ್ಲಿ. ಅದೊಂದು ನಿಮ್ಗೆ ಕಷ್ಟ ಆಗ್ಬೋದು :)

ತಂತಿಬೇಲಿ

ಮಳೆಗಾಲದ ಕೆಲ್ಸ ಬೇಕು ಅಂದ್ರಲ್ಲ, ಚೈನ್‌ಮೇಲ್ ಹೆಣೀರಿ. ಬೇಲಿಗೆ ತರೋ 16 ಗೇಜ್ ಜಿಐ (ಸತು ಲೇಪಿಸಿದ) ತಂತಿ, ಒಂದು 8 ಎಂಎಂ ಸರಳು, ಕಟಿಂಗ್ ಪ್ಲೇಯರ್, ಎರಡು ಇಕ್ಕಳ. ಸರಳಿಗೆ ತಂತಿ ಸುತ್ತಿ ಸ್ಪ್ರಿಂಗ್ ಥರ ಮಾಡಿ, ಉದ್ದಕ್ಕೆ ಕತ್ತರಿಸಿದ್ರೆ ಉಂಗುರ. ಒಂದೊಂದು ಉಂಗುರದೊಳಗೂ ನಾಲ್ಕು ಉಂಗುರ ಹಾಯ್ಬೇಕು, ಯುರೋಪಿನ ಹೆಣಿಗೆ ಅಷ್ಟೇ. ತೋಳು ಸೇರಿ ಪೂರ್ತಿ ಅಂಗಿಗೆ 20 ಸಾವಿರಕ್ಕೂ ಜಾಸ್ತಿ ಉಂಗುರ ಹೋಗತ್ತೆ, ಹೆದರ್ಬೇಡಿ, ಟಿವಿ ನೋಡ್ತಾ ಕೈ ತಾನಾಗೇ ಓಡತ್ತೆ. ತೂಕ 10ರಿಂದ 15 ಕೆಜಿ ಬರತ್ತೆ. ಬರೀ ಹೆಗಲ ಮೇಲೆ ಬಿಟ್ರೆ ಸಂಜೆಗೆ ಕುತ್ತಿಗೆ ಹೋಗತ್ತೆ, ಸೊಂಟಕ್ಕೆ ಬೆಲ್ಟ್ ಬಿಗಿದು ಮೇಲಿಂದ ಸ್ವಲ್ಪ ಎಳೆದು ಸಡಿಲ ಬಿಡಿ, ಅರ್ಧ ಭಾರ ಸೊಂಟಕ್ಕೆ ಇಳಿಯತ್ತೆ.

ಒಂದು ಎಚ್ಚರಿಕೆ, ಜಿಐ ತಂತೀನ ಬೆಂಕೀಲಿ ಕಾಯಿಸ್ಬೇಡಿ, ಸತುವಿನ ಹೊಗೆ ಕುಡಿದ್ರೆ ಜ್ವರ ಬರತ್ತೆ. ಹೊಳಪು ತೆಗೀಬೇಕು ಅಂದ್ರೆ ವಿನಿಗರ್‌ನಲ್ಲಿ ನೆನೆಸಿ (ಅಡಿಗೆಗೆ ಹಾಕೋ ಕಾಚಂಪುಳಿ ಹುಳಿ ಸುರೀಬೇಡಿ, ಮನೇಲಿ ಕೊಲೆ ಆಗತ್ತೆ). ಆದ್ರೆ ಸತು ಹೋದ್ಮೇಲೆ ತುಕ್ಕು ಹಿಡಿಯೋದು ಗ್ಯಾರಂಟಿ, ನಮ್ಮ ಜೂನ್ ಜುಲೈನಲ್ಲಿ ಗೋಡೆಗೇ ಬೂಸ್ಟು ಬರತ್ತೆ ಇನ್ನು ಕಬ್ಬಿಣ ಕೇಳ್ಬೇಕಾ, ಹಾಗಾಗಿ ಇಲ್ಲಿಯವರಿಗೆ ಹೊಳಪು ಇದ್ರೂ ಪರ್ವಾಗಿಲ್ಲ ಅಂತ ನನ್ನ ಅಭಿಪ್ರಾಯ. ತುಕ್ಕು ಬಂದ್ರೆ ಒಣ ಮರಳಿನ ಜೊತೆ ಚೀಲಕ್ಕೆ ಹಾಕಿ ಉರುಳಾಡಿಸಿ, ಆಗಿನ ಕಾಲದವರು ಪೀಪಾಯಿಗೆ ಹಾಕಿ ಅದೇ ಮಾಡ್ತಿದ್ರು. ಆಮೇಲೆ ಕೋವಿಗೆ ಹಾಕೋ ಎಣ್ಣೆ. ತೆಂಗಿನೆಣ್ಣೆ ಬೇಡ, ಅಂಟಾಗತ್ತೆ.

ಹೀಗೆ ಬರೀ ಬಾಗಿಸಿ ಮುಚ್ಚಿದ ಉಂಗುರ ನೋಡಕ್ಕೆ ಚೆನ್ನ, ಏಟು ಬಿದ್ರೆ ಬಾಯಿ ಬಿಡತ್ತೆ. ಹಳೇ ಕಾಲದ್ದು ಉಂಗುರಕ್ಕೆ ರಿವಿಟ್ ಹೊಡೆದಿದ್ದು, ಎಷ್ಟೋದ್ರಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ. ಅದು ಬೇಕಂದ್ರೆ ಕೊಂಡ್ಕೊಳ್ಳೋದೇ ವಾಸಿ, ಫಾರಿನ್‌ನವರು ಹಾಕ್ಕೊಳ್ಳೋದ್ರಲ್ಲಿ ಎಷ್ಟೋ ಮಾಲು ಉತ್ತರ ಭಾರತದಲ್ಲೇ ಆಗೋದು, ಡೆಹ್ರಾಡೂನಿನ ವಿಂಡ್ಲಾಸ್ ಕಂಪನಿ ಕತ್ತಿ ಕವಚ ಎಲ್ಲ ಮಾಡಿ ಅಮೆರಿಕಕ್ಕೆ ಕಳಿಸತ್ತೆ.

ಮಂಜು_ಮಡಿಕೇರಿ

ಮಡಿಕೇರಿ ಕೋಟೆ ಇದ್ಯಲ್ಲ, ಅಲ್ಲೇ ಯುದ್ಧ ಇಟ್ಕೊಳ್ಳಿ, ಆನೆ ಪ್ರತಿಮೆ ಪಕ್ಕ ರೀಲ್ಸ್ ಸೂಪರ್ ಬರತ್ತೆ 🔥

ವೀರಗಲ್ಲು

ಮಂಜು ಬ್ರೋ, ಆ ಕೋಟೆ ಮುದ್ದುರಾಜ ಕಟ್ಟಿಸಿದ್ದು 17ನೇ ಶತಮಾನದ ಕೊನೇಲಿ, ಕಲ್ಲಿನ ಗೋಡೆ ಟಿಪ್ಪು ಕಾಲದ್ದು. ಮಧ್ಯಯುಗ ಆಗ್ಲೇ ಮುಗಿದಿತ್ತು. ನಾಲ್ಕುನಾಡು ಅರಮನೆ ಇನ್ನೂ ಹೊಸದು, 1792.

ನಂಗೆ ಅರ್ಥ ಆಗದೇ ಇರೋದು, ಕಿಗ್ಗಟ್ನಾಡಲ್ಲಿ (ದಕ್ಷಿಣ ಕೊಡಗಲ್ಲಿ) ಕೂತ್ಕೊಂಡು ಹೇಸ್ಟಿಂಗ್ಸ್ ಯಾಕೆ ಮಾರಾಯ್ರೆ? ನಿಮ್ಮ ಕಡೇನೇ ಪಾಲ್ಪರೆ ಇದೆ. 1174ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಬೆಟ್ಟರಸ, ಈ ಕಡೆ ಆಳ್ತಿದ್ದ ಚಂಗಾಳ್ವ ಮಹದೇವನ ಮೇಲೆ ದಂಡೆತ್ತಿ ಬಂದಿದ್ದು ಅಲ್ಲಿಗೇ. ಆಮೇಲೆ ಪೆಮ್ಮವೀರಪ್ಪ ಅನ್ನೋನು ಎಲ್ಲಾ ನಾಡಿನ ಕೊಡಗರನ್ನ ಕೂಡಿಸ್ಕೊಂಡು ಬೆಟ್ಟರಸನ ಮೇಲೆ ಬಿದ್ದ. ಶಾಸನದಲ್ಲಿರೋ ಯುದ್ಧ ಇದು. ವೇಷಕ್ಕೆ ವೀರಗಲ್ಲು ನೋಡಿ, ಕೆಳಗಿನ ಅಂಕಣದಲ್ಲಿ ಕಾದಾಟ ಕೆತ್ತಿರ್ತಾರೆ, ಕಚ್ಚೆ ಹೇಗೆ ಕಟ್ಟಿದಾನೆ, ಕಠಾರಿ ಸೊಂಟದ ಯಾವ ಕಡೆ ಸಿಕ್ಕಿಸಿದಾನೆ, ಗುರಾಣಿ ಎಷ್ಟು ದೊಡ್ಡದು, ತುರುಬು ಎಲ್ಲಿ, ಎಲ್ಲ ಕಾಣತ್ತೆ. ಹಳೇಬೀಡಿಗೆ ಹೋಗಿ ಬೇಲೂರನ್ನೂ ನೋಡ್ಕೊಂಡು ಬನ್ನಿ, ಹಳೇಬೀಡಲ್ಲಿ ಕುವರಲಕ್ಷ್ಮನ ಗರುಡಗಂಬ ಇದೆ, ರಾಜನ ಜೊತೆ ಜೀವ ಬಿಟ್ಟವರದ್ದು. 15 ಕೆಜಿ ಕಬ್ಬಿಣ ಹೊರೋ ಗೋಳೂ ಇಲ್ಲ, ಕೆತ್ತನೇಲಿ ಎಷ್ಟೋ ಜನ ಸೊಂಟದಿಂದ ಮೇಲೆ ಬರಿಮೈಲೇ ಇದಾರೆ.

ಆದ್ರೆ ಒಂದು ಮಾತು. ಕೊಡವರ ಕುಪ್ಪಸ (ಉದ್ದ ಕೋಟು), ಚೇಲೆ (ನಡುಪಟ್ಟಿ), ಪೀಚೆಕತ್ತಿ ಹಾಕ್ಕೊಂಡು ಇದೇ 1174ರ ವೇಷ ಅಂತ ನಿಂತ್ಕೋಬೇಡಿ. ಅದು ಇವತ್ತೂ ಮದುವೆಗೆ ಹಾಕೋ ಉಡುಪು, ಹಿರಿಯರಿಗೆ ಬೇಜಾರಾಗತ್ತೆ, 12ನೇ ಶತಮಾನಕ್ಕೆ ಆಧಾರಾನೂ ಆಗಲ್ಲ.

ಗೋಣಿಕೊಪ್ಪ_ನೈಟ್

ಎಲ್ರಿಗೂ ಥ್ಯಾಂಕ್ಸ್! ಪಾಲ್ಪರೆ ಬಗ್ಗೆ ನಮ್ಮ ತಾತ ಏನೋ ಹೇಳ್ತಿದ್ರು, ಇಷ್ಟು ಗೊತ್ತಿರ್ಲಿಲ್ಲ. ಆದ್ರೂ ವೀರಗಲ್ಲು ಸರ್, ಮನಸ್ಸು ಹೋಗಿರೋದು ಆ ಗುರಾಣಿ ಸಾಲಿನ ಮೇಲೆ, ಏನ್ ಮಾಡ್ಲಿ, ಎರಡೂ ಮಾಡ್ತೀನಿ ಅನ್ಕೊಳ್ಳಿ. ಸೂಜಿದಾರ ಅಕ್ಕ, ಕಂಬಳಿ ಕತ್ತರಿಸಿದ್ರೆ ಅಂಚು ಬಿಚ್ಕೊಳಲ್ವಾ? ಮತ್ತೆ ನಿಜವಾಗ್ಲೂ ಹೊಡೆದಾಡೋದನ್ನ ಎಲ್ಲಿ ಕಲಿಯೋದು, ಯಾರೂ ಹೇಳ್ಲೇ ಇಲ್ಲ.

ಬೆತ್ತದ_ಏಟು

ಹೊಡೆದಾಟದ್ದು ನಾನು ಹೇಳ್ತೀನಿ. ಅಮೆರಿಕದಲ್ಲಿ 1966ರಲ್ಲಿ ಬರ್ಕ್ಲೀಲಿ ಶುರುವಾದ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಅಂತ ಇದೇ ಹುಚ್ಚಿನವರ ದೊಡ್ಡ ಬಳಗ ಇದೆ, ಅವರ ಕತ್ತಿ ಏನು ಗೊತ್ತಾ, ಬೆತ್ತ. ಕಮ್ಮಿ ಅಂದ್ರೂ ಒಂದೂಕಾಲು ಇಂಚು ದಪ್ಪ. ಬೇರೆ ಮರ ಮುರಿದ್ರೆ ಚೂಪಾಗಿ ಸೀಳತ್ತೆ, ಬೆತ್ತ ಜಜ್ಜಿ ನಾರಾಗತ್ತೆ, ಕಣ್ಣಿಗೆ ಚುಚ್ಚಲ್ಲ. ಕಾಡಿಂದ ಕಡೀಬೇಡಿ, ಫಾರೆಸ್ಟ್‌ನವರು ಹಿಡೀತಾರೆ, ಫರ್ನಿಚರ್ ಮಾಡೋ ಅಂಗಡೀಲಿ ದಪ್ಪದ್ದು ಸಿಗತ್ತೆ. ಅವರ ರೂಲ್ಸಲ್ಲಿ ಮೊಣಕಾಲಿಂದ ಕೆಳಗೆ ಹೊಡೆಯೋ ಹಾಗಿಲ್ಲ. ನಮ್ಮ ಕೊಡವರ ಬೆತ್ತದಾಟ ಪರಿಯಕಳಿ ಸರಿಯಾಗಿ ಉಲ್ಟಾ, ಅಲ್ಲಿ ಬೆತ್ತದೇಟು ಮೊಣಕಾಲ ಕೆಳಗೇ ಬೀಳ್ಬೇಕು. ಮಂದ್‌ನಲ್ಲಿ (ಊರಿನ ಆಟದ ಬಯಲಲ್ಲಿ) ಆಡಿ ಅಭ್ಯಾಸ ಇದ್ರೆ ಗುರಾಣಿ ಕೈ ಆಗ್ಲೇ ಪಳಗಿರತ್ತೆ, ಕಣ್ಣು ಮಾತ್ರ ಮೇಲಕ್ಕೆ ಬರ್ಬೇಕು.

1066ರ ಕತ್ತಿವರಸೆ ಪುಸ್ತಕ ಒಂದೂ ಉಳಿದಿಲ್ಲ. ಯುರೋಪಲ್ಲಿ ಸಿಕ್ಕಿರೋದ್ರಲ್ಲಿ ಹಳೇದು 1300ರ ಸುಮಾರಿನ ಐ.33 ಅನ್ನೋ ಹಸ್ತಪ್ರತಿ, ಕತ್ತಿ ಮತ್ತು ಸಣ್ಣ ಗುರಾಣಿದು, ಅದ್ರಲ್ಲಿ ವಾಲ್ಪುರ್ಗಿಸ್ ಅಂತ ಒಬ್ಬ ಹೆಂಗಸೂ ಕಾದಾಡ್ತಾಳೆ. ಚಿತ್ರ ಎಲ್ಲ ಆನ್‌ಲೈನಲ್ಲಿದೆ. ಆದ್ರೆ ಪುಸ್ತಕ ನೋಡಿ ಒಬ್ನೇ ಬೀಸೋದ್ರಿಂದ ಏನೂ ಬರಲ್ಲ, ಎದುರಿಗೆ ಒಬ್ಬ ಬೇಕೇ ಬೇಕು. ಇಬ್ರಿಗೂ ಫೆನ್ಸಿಂಗ್ ಮಾಸ್ಕ್, ದಪ್ಪ ಗ್ಲೌಸ್. ದುಡ್ಡು ಮೊದ್ಲು ಅಲ್ಲಿಗೆ ಹಾಕಿ. ಮೈಗೆ ಕೌದಿ ಥರ ಹೊಲಿದ ದಪ್ಪ ಅಂಗಿ, ಫ್ರಾನ್ಸಿನ ಹನ್ನೊಂದನೇ ಲೂಯಿ ತನ್ನ ಸೈನಿಕರಿಗೆ 25-30 ಪದರ ಬಟ್ಟೆದು ಮಾಡ್ಸಿ ಅಂದಿದ್ದ, ನಿಮ್ಗೆ ಅಷ್ಟು ಬೇಡ, ಮಾರ್ಚ್ ಬಿಸಿಲಲ್ಲಿ ಬೆಂದು ಹೋಗ್ತೀರಿ.

ಇನ್ನು ಕೊಡವರಿಗೆ ಲೈಸೆನ್ಸ್ ಇಲ್ದೇ ಕೋವಿ ಇಟ್ಕೊಳ್ಳಕ್ಕಿರೋ ವಿನಾಯಿತಿ (2029ರ ತನಕ ಇರೋದು) ತೋರ್ಸಿ ರಸ್ತೇಲಿ ಕತ್ತಿ ಹಿಡ್ಕೊಂಡು ಓಡಾಡ್ಬೋದು ಅನ್ಕೋಬೇಡಿ, ಅದು ಬೇರೆ ವಿಷಯ. ಮೊಂಡು ಕತ್ತಿ ಆದ್ರೂ ದೂರದಿಂದ ನೋಡೋರಿಗೆ ಕತ್ತೀನೇ. ಸ್ವಂತ ತೋಟದೊಳಗೆ ಆಡಿ, ಹೊರಗೆ ಏನಾದ್ರೂ ಮಾಡೋದಾದ್ರೆ ಸ್ಟೇಷನ್‌ಗೆ ಮೊದ್ಲೇ ಹೇಳಿ ಕೇಳ್ಕೊಂಡು ಮಾಡಿ. ವೀಕೆಂಡ್ ಆದ್ರೆ ನಾನು ಸಿದ್ದಾಪುರದಿಂದ ಬರ್ತೀನಿ, ಮಾಸ್ಕ್ ಇದ್ರೆ ಮಾತ್ರ.

ಸೂಜಿದಾರ

ಕಂಬಳಿ ಅಂಚು ಬಿಚ್ಚಲ್ಲ ತಮ್ಮಾ, ಆದ್ರೆ ಕತ್ತರಿಸೋ ಮುಂಚೆ ಒಂದ್ಸಲ ಬಿಸಿನೀರಲ್ಲಿ ಚೆನ್ನಾಗಿ ತುಳಿದು ಒಣಗಿಸಿ, ಕುಗ್ಗೋದು ಮೊದ್ಲೇ ಕುಗ್ಗಲಿ, ಎಳೆನೂ ಬಿಗಿಯಾಗತ್ತೆ. ಇದನ್ನ ಮೇ ಒಳಗೆ ಮಾಡಿ, ಮಳೆ ಹಿಡಿದ್ಮೇಲೆ ಅದು ಒಣಗಲ್ಲ, ಮನೆಯೆಲ್ಲ ಕುರಿ ವಾಸನೆ ಬರತ್ತೆ.